ಜಪಾನಿನ ಸಂವಿಧಾನ ಯಾರದು?

ಪ್ರಶ್ನೆ: ಯುದ್ಧದಲ್ಲಿ ಸೋತ ಜಪಾನಿಗೆ ಅಮೆರಿಕದವರು ಒಂದೇ ವಾರದಲ್ಲಿ ಸಂವಿಧಾನ ಬರೆದುಕೊಟ್ಟರಂತೆ. ಗೆದ್ದವರು ಹೇರಿದ್ದನ್ನು ಪ್ರಜಾಪ್ರಭುತ್ವ ಎನ್ನಬಹುದೇ?
– ಓದುಗರೊಬ್ಬರು, ಧಾರವಾಡ

ಉತ್ತರ: ಬರೆದುಕೊಟ್ಟದ್ದು ನಿಜ. ಜಪಾನ್ ಸರ್ಕಾರ ಸಿದ್ಧಪಡಿಸುತ್ತಿದ್ದ ಕರಡು 1946ರ ಫೆಬ್ರುವರಿ 1ರಂದು ‘ಮೈನಿಚಿ’ ಪತ್ರಿಕೆಯಲ್ಲಿ ಬಯಲಾಯಿತು. ಅದರಲ್ಲಿ ಚಕ್ರವರ್ತಿಯ ಸ್ಥಾನ ಹೆಚ್ಚುಕಡಿಮೆ ಮೊದಲಿನಂತೆಯೇ ಇತ್ತು. ಇದು ಸಾಲದೆಂದು, ಸೋತ ಜಪಾನಿನ ಆಡಳಿತ ನೋಡಿಕೊಳ್ಳುತ್ತಿದ್ದ ಅಮೆರಿಕದ ಸೇನಾಧಿಕಾರಿ ಜನರಲ್ ಮೆಕಾರ್ಥರ್ ತಮ್ಮ ಸಿಬ್ಬಂದಿಯನ್ನೇ ಕೂರಿಸಿ ಬೇರೆ ಕರಡು ಬರೆಸಿದರು. 13ರಂದು ಅದು ಜಪಾನಿನ ಮಂತ್ರಿಗಳ ಕೈ ಸೇರಿತು.

ಆ ತಂಡದಲ್ಲಿ ಬಿಯಾಟೆ ಸಿರೋಟಾ ಎಂಬ 22 ವರ್ಷದ ಯುವತಿಯಿದ್ದರು. ಟೋಕಿಯೊದಲ್ಲಿ ಬೆಳೆದವರು, ಜಪಾನಿ ಭಾಷೆ ಬಲ್ಲವರು. ಬಾಂಬಿಗೆ ಸುಟ್ಟುಹೋದ ಆ ನಗರದಲ್ಲಿ ಜೀಪು ಹತ್ತಿ, ಉಳಿದಿದ್ದ ಗ್ರಂಥಾಲಯಗಳನ್ನೆಲ್ಲ ಸುತ್ತಿ, ಹಲವು ದೇಶಗಳ ಸಂವಿಧಾನಗಳನ್ನು ಎರವಲು ತಂದರು. ಮದುವೆಗೆ ಗಂಡು ಹೆಣ್ಣಿನ ಒಪ್ಪಿಗೆಯಷ್ಟೇ ಸಾಕು, ದಂಪತಿಗಳಿಗೆ ಸಮಾನ ಹಕ್ಕು ಎನ್ನುವ 24ನೇ ವಿಧಿ ಮೂಡಿದ್ದು ಅವರ ಕೈಯಿಂದ. ಮನೆಯ ಯಜಮಾನನ ಮಾತೇ ಕಾನೂನಾಗಿದ್ದ ದೇಶದಲ್ಲಿ ಇದು ಸಣ್ಣ ಸಂಗತಿಯಲ್ಲ.

ಆದರೆ ‘ಹೇರಿದ್ದು’ ಎಂಬ ನಿಮ್ಮ ಮಾತನ್ನು ಪೂರ್ತಿ ಒಪ್ಪಲಾರೆ. ಹೆಣ್ಣುಮಕ್ಕಳ ಮತದ ಹಕ್ಕಿಗಾಗಿ ಇಚಿಕಾವಾ ಫುಸಾಯೆ ಮತ್ತು ಅವರ ಸಂಗಾತಿಗಳು 1920ರ ದಶಕದಿಂದಲೇ ಹೋರಾಡುತ್ತಿದ್ದರು. 1931ರಲ್ಲಿ ಸ್ಥಳೀಯ ಚುನಾವಣೆಗಳಿಗೆ ಸೀಮಿತವಾದ ಮಸೂದೆಯೊಂದು ಕೆಳಮನೆಯಲ್ಲಿ ಗೆದ್ದೂ ಕುಲೀನರ ಮೇಲ್ಮನೆಯಲ್ಲಿ ಬಿದ್ದುಹೋಗಿತ್ತು. 1946ರ ಏಪ್ರಿಲ್ 10ರಂದು ಹೆಣ್ಣುಮಕ್ಕಳು ಮೊದಲ ಬಾರಿ ಮತ ಹಾಕಿದರು. 39 ಮಹಿಳೆಯರು ಗೆದ್ದುಬಂದರು. ಆ ಸಂಸತ್ತು ಕರಡಿಗೆ ಸುಮ್ಮನೆ ಮುದ್ರೆ ಒತ್ತಲಿಲ್ಲ. ಆರೋಗ್ಯಕರವೂ ಸುಸಂಸ್ಕೃತವೂ ಆದ ಕನಿಷ್ಠ ಬದುಕು ಎಲ್ಲರ ಹಕ್ಕು ಎಂಬ ಮಾತು ಅಮೆರಿಕದ ಕರಡಿನಲ್ಲಿ ಇರಲಿಲ್ಲ. ಅದನ್ನು ಸೇರಿಸಿದವರು ಜಪಾನಿನ ಸಮಾಜವಾದಿ ಸದಸ್ಯರು, ಅದೂ ಜನ ಪಡಿತರದ ಅಕ್ಕಿಗೆ ಬಾಯಿಬಿಡುತ್ತಿದ್ದ ವರ್ಷದಲ್ಲಿ. ನನಗೆ ಇಡೀ ಸಂವಿಧಾನದಲ್ಲಿ ಬಹಳ ಹಿಡಿಸಿದ ಸಾಲು ಅದು.

ಭೂಸುಧಾರಣೆಯೂ ಜೊತೆಗೇ ನಡೆಯಿತು. ಒಡೆಯರ ಹೊಲಗಳನ್ನು ಸರ್ಕಾರ ಕೊಂಡು ಗೇಣಿದಾರರಿಗೆ ಮಾರಿತು. ಇದರ ಬೆಲೆಯನ್ನು ಗೇಣಿ ಅಳೆದುಕೊಟ್ಟ ಮನೆತನಗಳಿಗೆ ನಾನು ವಿವರಿಸಬೇಕಿಲ್ಲ.

ಪತ್ರಿಕೆ ನಡೆಸುವವನಾಗಿ ನನ್ನನ್ನು ಚುಚ್ಚುವ ವಿಷಯ ಬೇರೆ. ಪತ್ರಿಕಾ ಸ್ವಾತಂತ್ರ್ಯ ಕೊಟ್ಟು, ಸೆನ್ಸಾರ್ ನಿಷೇಧಿಸಿದ ಆ ಸಂವಿಧಾನವನ್ನು ಬರೆದವರು ಯಾರೆಂದು ಮುದ್ರಿಸಲು ಅಮೆರಿಕದ ಸೆನ್ಸಾರ್ ಅಧಿಕಾರಿಗಳು ಬಿಡಲಿಲ್ಲ. ಅದು ತಪ್ಪು, ನಿಮ್ಮ ಅನುಮಾನ ಇಂದಿಗೂ ಜೀವಂತವಾಗಿರುವುದಕ್ಕೆ ಆ ಗುಟ್ಟೂ ಕಾರಣ.

1952ರ ಏಪ್ರಿಲ್‌ನಲ್ಲಿ ಅಮೆರಿಕದ ಆಡಳಿತ ಮುಗಿಯಿತು. ಬೇಡವಾದರೆ ತಿದ್ದಲು ಅಂದಿನಿಂದ ಜಪಾನೀಯರ ಕೈ ಹಿಡಿದವರಿಲ್ಲ. 1955ರಲ್ಲಿ ಹುಟ್ಟಿ ಬಹುಕಾಲ ಆಳಿದ ಲಿಬರಲ್ ಡೆಮಾಕ್ರಟಿಕ್ ಪಕ್ಷಕ್ಕೆ ತಿದ್ದುಪಡಿಯೇ ಒಂದು ಗುರಿಯಾಗಿತ್ತು. ಎರಡೂ ಸದನಗಳ ಮೂರನೇ ಎರಡರಷ್ಟು ಬಹುಮತ, ಬಳಿಕ ಜನಮತಗಣನೆ, ಇಷ್ಟು ಬೇಕು. ಇಂದಿನವರೆಗೆ ಒಂದಕ್ಷರವೂ ಬದಲಾಗಿಲ್ಲ.