ಬೈಲೈನ್ ಇಲ್ಲ ಅಂತ ಕೂರಬೇಡಿ, ಡೇರಿ ಪುಸ್ತಕ ತೆಗೆಯಿರಿ

ಮಂಡ್ಯ ಕಡೆಯ ಹಳ್ಳಿಯ ಹುಡುಗಿಯೊಬ್ಬರ ಪತ್ರ ಓದಿ, ಈ ವಾರದ ಉಳಿದ ಪತ್ರಗಳನ್ನೆಲ್ಲ ಪಕ್ಕಕ್ಕಿಟ್ಟೆ. ಮೈಸೂರಿನ ಕಾಲೇಜೊಂದರಲ್ಲಿ ಪತ್ರಿಕೋದ್ಯಮ ಎಂ.ಎ. ಓದುತ್ತಿದ್ದಾರೆ. ಬೆಂಗಳೂರಿನ ದೊಡ್ಡ ಪತ್ರಿಕೆಯಲ್ಲಿ ಇಂಟರ್ನ್‌ಶಿಪ್ ಮಾಡುವ ಆಸೆ. ಆದರೆ ಅಚ್ಚಾಗಿರುವುದು ಓದುಗರ ಕಾಲಂನಲ್ಲಿ ಎರಡು ಪತ್ರ, ಅಷ್ಟೇ. 'ಬೈಲೈನ್ ಇಲ್ಲದವರನ್ನು ಯಾರು ಒಳಗೆ ಬಿಟ್ಕೋತಾರೆ' ಅಂದರಂತೆ ಮೇಷ್ಟ್ರು. ಬೈಲೈನ್ ಅಂದರೆ ಸುದ್ದಿಯ ಜೊತೆ ಅಚ್ಚಾಗುವ ವರದಿಗಾರರ ಹೆಸರು. ಸೋದರಮಾವ ಶಾಸಕರ ಕಡೆಯಿಂದ ಶಿಫಾರಸು ಪತ್ರ ಕೊಡಿಸುತ್ತಾರಂತೆ. ತಗೊಳ್ಳಲೋ ಬೇಡವೋ?

ಬೇಡ. ನಾಳೆ ಅದೇ ಶಾಸಕರ ಮೇಲೆ ಬರೆಯಬೇಕಾಗಿ ಬಂದರೆ? ಮಾವಂದಿರ ಶಿಫಾರಸಿನ ಬಗ್ಗೆ ನನ್ನ ನಿಲುವು ಈ ಅಂಕಣ ಓದುವವರಿಗೆ ಹೊಸದಲ್ಲ. ಮದುವೆಗೂ ಬೇಡ, ಕೆಲಸಕ್ಕೂ ಬೇಡ.

ಸಿಟ್ಟು ಬಂದಿದ್ದು ಮೇಷ್ಟ್ರ ಮೇಲೆ. ನೀವು ಸೇರಿದಾಗಿನಿಂದ ವಿದ್ಯಾರ್ಥಿಗಳೇ ಬರೆಯುವ ವಿಭಾಗದ ಪ್ರಾಯೋಗಿಕ ಪತ್ರಿಕೆಯ ಒಂದು ಸಂಚಿಕೆಯೂ ಬಂದಿಲ್ಲ ಅಂದಿದ್ದೀರಿ. ಅದನ್ನು ತರಬೇಕಾದವರೇ ಬೈಲೈನ್ ಎಲ್ಲಿ ಅಂತ ಕೇಳುವುದು ಯಾವ ನ್ಯಾಯ?

ಇರಲಿ. ಪತ್ರದ ಕೊನೆಯಲ್ಲಿ ಸುಮ್ನೆ ಒಂದು ಸಾಲು ಬರೆದಿದ್ದೀರಿ: 'ಅಮ್ಮನ ಹಾಲಿನ ಪ್ರೋತ್ಸಾಹಧನ ಬಂದಿದ್ದರೆ ಬೆಂಗಳೂರಲ್ಲಿ ಉಳಿಯಲು ಪಿಜಿ ಅಡ್ವಾನ್ಸ್ ಕಟ್ಟಬಹುದಿತ್ತು. ತಿಂಗಳುಗಟ್ಟಲೆ ಬಾಕಿ ಇದೆ. ಡೇರಿ ಪುಸ್ತಕದ ಲೆಕ್ಕ ನೋಡುವುದು ನಾನೇ.' ಅಲ್ಲ ಕಣ್ರೀ, ಸುದ್ದಿ ಇಲ್ಲೇ ಇದೆಯಲ್ಲ! ಸಹಕಾರ ಸಂಘಕ್ಕೆ ಹಾಲು ಹಾಕುವವರಿಗೆ ರಾಜ್ಯ ಸರ್ಕಾರ ಲೀಟರಿಗೆ 5 ರೂಪಾಯಿ ಕೊಡುತ್ತದೆ. ದಿನಕ್ಕೆ 10 ಲೀಟರ್ ಹಾಕುವ ಮನೆಗೆ ತಿಂಗಳಿಗೆ 1,500 ರೂಪಾಯಿ. ಅದು ನಿಂತರೆ ಹಿಂಡಿ, ಬೂಸಾ ಸಾಲದಲ್ಲಿ ಬರುತ್ತದೆ. ಬೆಂಗಳೂರಿನ ಡೆಸ್ಕ್‌ನಲ್ಲಿ ಕೂತವರಿಗೆ ನಿಮ್ಮಷ್ಟು ಹತ್ತಿರದಿಂದ ಇದು ಗೊತ್ತಿರುವುದಿಲ್ಲ.

ಭಾನುವಾರದೊಳಗೆ ಇದರ ಮೇಲೆ 400 ಪದಗಳ ವರದಿ ಬರೆಯಿರಿ. ಬೇರೇನೂ ಮಾಡಬೇಡಿ. ಬೆಳಗ್ಗೆ ಡೇರಿ ಮುಂದೆ ಕ್ಯಾನ್ ಹಿಡಿದು ನಿಂತವರನ್ನು ಮಾತಾಡಿಸಿ. ಅವರ ಬ್ಯಾಂಕ್ ಪಾಸ್‌ಬುಕ್ ನೋಡಿ, ಕೊನೆಯ ಸಲ ಬಂದ ಹಣ ಯಾವ ತಿಂಗಳದ್ದು ಅಂತ ಬರೆದುಕೊಳ್ಳಿ. ಸಂಘದ ಕಾರ್ಯದರ್ಶಿ, ಹಾಲು ಒಕ್ಕೂಟ, ಪಶುಪಾಲನಾ ಇಲಾಖೆ, ಎಲ್ಲರನ್ನೂ ಕೇಳಿ. ಉತ್ತರ ಕೊಡದಿದ್ದರೆ ಕೊಡಲಿಲ್ಲ ಅಂತಲೇ ಬರೆಯಿರಿ. ಜೊತೆಗೆ ಇಲಾಖೆಗೆ ಆರ್‌ಟಿಐ ಅರ್ಜಿ ಹಾಕಿ. ಶುಲ್ಕ 10 ರೂಪಾಯಿ, 30 ದಿನದೊಳಗೆ ಉತ್ತರ ಕೊಡಬೇಕು. ಆ ಉತ್ತರ ನಿಮ್ಮ ಎರಡನೇ ಸುದ್ದಿ, ಅದಕ್ಕಾಗಿ ಮೊದಲನೆಯದನ್ನು ಕಾಯಿಸಬೇಡಿ. ಅಮ್ಮನ ಹೇಳಿಕೆಯನ್ನು ಮಾತ್ರ ವರದಿಯಲ್ಲಿ ಹಾಕಬೇಡಿ. ನಮ್ಮ ಮನೆಗೂ ಬಾಕಿ ಬರಬೇಕು ಅಂತ ಸಂಪಾದಕರಿಗೆ ಮೊದಲೇ ಹೇಳಿಬಿಡಿ.

ಬರೆದದ್ದನ್ನು ಹಿಡಿದು ಮೈಸೂರಿನ 'ಆಂದೋಲನ'ದಂಥ ಪತ್ರಿಕೆಗೆ ನೀವೇ ಹೋಗಿ, ಇಂಟರ್ನ್‌ಶಿಪ್ಪನ್ನೂ ಅಲ್ಲೇ ಕೇಳಿ. ಪಿಜಿ ಅಡ್ವಾನ್ಸ್ ಕಟ್ಟುವ ಚಿಂತೆಯೂ ಇಲ್ಲ. ದೊಡ್ಡ ಕಚೇರಿಯಲ್ಲಿ ಪ್ರೆಸ್‌ನೋಟ್ ತಿದ್ದುತ್ತಾ ಕೂರುವುದಕ್ಕಿಂತ ಇಲ್ಲಿ ಊರೂರು ಸುತ್ತುವ ಅವಕಾಶ ಜಾಸ್ತಿ. ಬಯೊಡೇಟಾ ಒಂದು ಪುಟ ಸಾಕು. ಅದು ವರದಿಯ ಕೆಳಗಿರಲಿ.