ಸ್ಮಾಲ್‌ವುಡ್ ಜಲಾಶಯದ ದಡದಲ್ಲಿ ಅಷ್ಟೊಂದು ಕೊಲ್ಲಿಗಳು ಏಕಿವೆ?

ಅಲ್ಲಿ ನೀರು ತುಂಬಿದ್ದು ಆಳದ ಕಣಿವೆಗಲ್ಲ, ಹೆಚ್ಚುಕಮ್ಮಿ ಸಮತಟ್ಟಾದ ಪ್ರಸ್ಥಭೂಮಿಗೆ. ಅದಕ್ಕೇ. ಪೂರ್ವ ಕೆನಡಾದ ಲ್ಯಾಬ್ರಡಾರ್‌ನ ಈ ನೆಲವನ್ನು ಹಿಮಯುಗದ ಮಂಜುಗಡ್ಡೆ ಸರಿಯುತ್ತಾ ಕೆರೆದು, ಲೆಕ್ಕವಿಲ್ಲದಷ್ಟು ತಗ್ಗು ದಿಬ್ಬಗಳನ್ನು ಬಿಟ್ಟುಹೋಯಿತು. ಚರ್ಚಿಲ್ ಫಾಲ್ಸ್ ವಿದ್ಯುತ್ ಯೋಜನೆಗಾಗಿ 1970ರ ದಶಕದ ಆರಂಭದಲ್ಲಿ ನೀರು ನಿಲ್ಲಿಸಿದಾಗ ಅಂಚಿನ ತಗ್ಗೆಲ್ಲ ಕೊಲ್ಲಿಯಾಯಿತು, ದಿಬ್ಬವೆಲ್ಲ ದ್ವೀಪ. ಹಳೆಯ ಮಿಚಿಕಮಾವ್ ಸರೋವರವೂ, 'ಇನ್ನೂ' ಎಂಬ ಮೂಲನಿವಾಸಿಗಳ ಬೇಟೆಯ ನೆಲವೂ ಅದರೊಳಗೇ ಸೇರಿಹೋದವು.

ನನಗೆ ಸೋಜಿಗ ಎನಿಸುವುದು ಇನ್ನೊಂದು: ಇಷ್ಟು ದೊಡ್ಡ ಜಲಾಶಯಕ್ಕೆ ಒಂದು ದೈತ್ಯ ಅಣೆಕಟ್ಟೆಂಬುದೇ ಇಲ್ಲ. ನೀರು ಜಾರಿಹೋಗಬಹುದಾದ ಕಡೆಗಳಲ್ಲೆಲ್ಲ ಏರಿ ಕಟ್ಟಿದ್ದಾರೆ. ಅಂಥವು 88, ಒಟ್ಟು ಉದ್ದ ಸುಮಾರು 64 ಕಿ.ಮೀ.