ಹೊಟ್ಟೆ ಕರಗಿಸುವ ಲೇಸರ್ ಮತ್ತು ಏಳು ತಿಂಗಳ ಬಾಣಂತಿ: ಒಂದು ಆಪ್ತಸಲಹೆ ಪ್ರಕರಣ

ಈ ಪ್ರಕರಣದ ಮಹಿಳೆಯನ್ನು ವಿನುತಾ ಎಂದು ಕರೆಯುತ್ತೇನೆ. ಗುರುತು ಸಿಗಬಹುದಾದ ವಿವರಗಳನ್ನು ಬದಲಿಸಿದ್ದೇನೆ.

ವಿನುತಾ ಅವರಿಗೆ 32 ವರ್ಷ. ಎರಡನೆಯ ಮಗುವಿಗೆ ಏಳು ತಿಂಗಳು, ಹೆರಿಗೆ ಸಿಸೇರಿಯನ್, ಮಗು ಇನ್ನೂ ಎದೆಹಾಲು ಕುಡಿಯುತ್ತಿತ್ತು. ಅವರು ನನ್ನ ಬಳಿ ತಂದದ್ದು ಒಂದೇ ಪ್ರಶ್ನೆ: ಲೇಸರ್‌ನಿಂದ ಹೊಟ್ಟೆ ಕರಗಿಸಿಕೊಳ್ಳಲೋ ಬೇಡವೋ. ನಗರದ ಸೌಂದರ್ಯ ಚಿಕಿತ್ಸಾಲಯವೊಂದರಲ್ಲಿ ಅವರು ಆಗಲೇ ಮುಂಗಡ ಕಟ್ಟಿದ್ದರು, ಉಳಿದ ಹಣಕ್ಕೆ ಕಂತಿನ ಏರ್ಪಾಡಾಗಿತ್ತು, ಗಂಡನಿಗೆ ಇನ್ನೂ ಹೇಳಿರಲಿಲ್ಲ. ಎರಡು ತಿಂಗಳಿಗೆ ಮೈದುನನ ಮದುವೆಯಿತ್ತು. ಆ ತಿಂಗಳೊಳಗೆ ಶುರು ಮಾಡಿದರೆ ಮಾತ್ರ ರಿಯಾಯಿತಿ ಎಂದು ಚಿಕಿತ್ಸಾಲಯದವರು ಹೇಳಿದ್ದರಂತೆ.

ಬೇಕು ಅಥವಾ ಬೇಡ ಎಂದು ತೀರ್ಪು ಕೊಡುವುದು ಆಪ್ತಸಲಹೆಗಾರರ ಕೆಲಸವಲ್ಲ. ನಾನು ವೈದ್ಯೆಯೂ ಅಲ್ಲ. ಆದರೆ ಈ ನಿರ್ಧಾರ ಎಲ್ಲಿಂದ ಹುಟ್ಟಿತು, ಅದಕ್ಕೆ ಇಷ್ಟು ಅವಸರ ಏಕೆ ಬಂತು ಎಂಬುದನ್ನು ಅವರ ಜೊತೆ ಕುಳಿತು ಬಿಡಿಸಿ ನೋಡಬಹುದಿತ್ತು. ಮಗುವಿನ ನಾಮಕರಣದ ದಿನ ಬಂಧುಗಳೊಬ್ಬರು ಅವರ ಹೊಟ್ಟೆಯನ್ನು ನೋಡಿ, "ಮೂರನೆಯದೂ ಆಗಲೇ ಬಂತೇನೇ?" ಎಂದು ಕೇಳಿದ್ದರು. ಸುತ್ತಲಿದ್ದವರು ನಕ್ಕರು, ಪಕ್ಕದಲ್ಲಿದ್ದ ಗಂಡನೂ ನಕ್ಕರು. ತವರಿನಲ್ಲಿ ತಾಯಿ, "ಬಾಣಂತನದಲ್ಲಿ ನೀನು ಹೊಟ್ಟೆ ಬಿಗಿಯಾಗಿ ಕಟ್ಟಿಸಿಕೊಳ್ಳಲಿಲ್ಲ, ಅದಕ್ಕೇ ಹೀಗೆ" ಎಂದು ದೂರುತ್ತಿದ್ದರು. ಅತ್ತೆಯ ಪ್ರಕಾರ ತವರಿನವರು ತಿನ್ನಿಸಿದ ಅಂಟಿನುಂಡೆಯೇ ಎಲ್ಲಕ್ಕೂ ಕಾರಣ. ಎರಡನೆಯ ಭೇಟಿಯಲ್ಲಿ ವಿನುತಾ ಚೀಲದಿಂದ ಮಗುವಿನ ಲಸಿಕೆ ಕಾರ್ಡನ್ನು ತೆಗೆದು ನನಗೆ ತೋರಿಸಿದರು. ಅದರ ಹಿಂಬದಿಯಲ್ಲಿ ದಿನವೂ ಬೆಳಿಗ್ಗೆ ದರ್ಜಿಯ ಟೇಪಿನಿಂದ ಅಳೆದ ಹೊಟ್ಟೆಯ ಸುತ್ತಳತೆಯನ್ನು ಪೆನ್ಸಿಲಿನಲ್ಲಿ ಬರೆದಿದ್ದರು; ಅರ್ಧ ಸೆಂಟಿಮೀಟರ್ ಹೆಚ್ಚಾದ ದಿನಗಳಿಗೆ ಕೆಂಪು ಶಾಯಿಯ ಗೆರೆ ಇತ್ತು. ಕೆಂಪು ಗೆರೆಯ ದಿನ ರಾತ್ರಿ ಊಟ ಬಿಡುತ್ತಿದ್ದರು.

ಊಟ ಬಿಡುವ ಮಾತು ಬಂದ ಮೇಲೆ ಲೇಸರ್ ವಿಷಯವನ್ನು ಬದಿಗಿಟ್ಟು, ಎಡಿನ್‌ಬರ್ಗ್ ಪ್ರಸವೋತ್ತರ ಖಿನ್ನತೆ ಮಾಪನದ ಹತ್ತು ಪ್ರಶ್ನೆಗಳನ್ನು ಕನ್ನಡದಲ್ಲಿಯೇ ಕೇಳಿದೆ. 1987ರಲ್ಲಿ ಪ್ರಕಟವಾದ ಈ ಮಾಪನದಲ್ಲಿ ಪ್ರತಿ ಪ್ರಶ್ನೆಗೆ ಸೊನ್ನೆಯಿಂದ ಮೂರರವರೆಗೆ ಅಂಕ, ಒಟ್ಟು 30. 13 ಅಥವಾ ಅದಕ್ಕಿಂತ ಹೆಚ್ಚು ಬಂದರೆ ಮನೋವೈದ್ಯರ ತಪಾಸಣೆ ಬೇಕೆಂಬುದು ಸಾಮಾನ್ಯ ರೂಢಿ, 10 ದಾಟಿದರೂ ಕಣ್ಣಿಡಬೇಕು. ವಿನುತಾ ಅವರಿಗೆ 11 ಬಂತು. ತನಗೆ ತಾನೇ ಹಾನಿ ಮಾಡಿಕೊಳ್ಳುವ ಯೋಚನೆಯ ಬಗೆಗಿನ ಕೊನೆಯ ಪ್ರಶ್ನೆಗೆ ಅವರು "ಎಂದೂ ಇಲ್ಲ" ಎಂದು ತಡವರಿಸದೆ ಉತ್ತರಿಸಿದರು. ಎರಡು ವಾರದ ನಂತರ ಮತ್ತೆ ನೋಡೋಣ ಎಂದೆ. ರಾತ್ರಿ ಹೊತ್ತು ಮನಸ್ಸು ತಡೆಯದಂತಾದರೆ ಕರೆ ಮಾಡಲು ಟೆಲಿ ಮಾನಸ್ ಸಹಾಯವಾಣಿಯ 14416 ಸಂಖ್ಯೆಯನ್ನು ಬರೆದುಕೊಟ್ಟೆ. ಅಲ್ಲಿ ಕನ್ನಡದಲ್ಲಿ ಮಾತನಾಡಬಹುದು.

ಇನ್ನು ಲೇಸರ್. ಅವರು ತಂದಿದ್ದ ಕರಪತ್ರದ ಎಲ್ಲವೂ ಸುಳ್ಳಾಗಿರಲಿಲ್ಲ, ಅದನ್ನು ಅವರಿಗೆ ಹೇಳುವುದು ನ್ಯಾಯವಾಗಿತ್ತು. 1060 ನ್ಯಾನೊಮೀಟರ್ ತರಂಗಾಂತರದ ಡಯೋಡ್ ಲೇಸರ್ ಬಳಸಿ ಸೊಂಟದ ಪಕ್ಕದ ಹಾಗೂ ಹೊಟ್ಟೆಯ ಕೊಬ್ಬನ್ನು ತಗ್ಗಿಸುವ ಉಪಕರಣಕ್ಕೆ ಅಮೆರಿಕದ ಔಷಧ ಮತ್ತು ವೈದ್ಯಕೀಯ ಉಪಕರಣಗಳ ನಿಯಂತ್ರಣ ಸಂಸ್ಥೆಯಾದ ಎಫ್‌ಡಿಎ 2015ರಲ್ಲಿ ಅನುಮತಿ ಕೊಟ್ಟಿದೆ. ತಣ್ಣಗಿನ ಫಲಕವನ್ನು ಚರ್ಮದ ಮೇಲಿಟ್ಟು, ಒಳಗಿನ ಕೊಬ್ಬಿನ ಪದರವನ್ನು ಸುಮಾರು 42ರಿಂದ 47 ಡಿಗ್ರಿ ಸೆಲ್ಸಿಯಸ್‌ವರೆಗೆ ಬಿಸಿ ಮಾಡುತ್ತಾರೆ. ಒಂದು ಸರದಿಗೆ ಸುಮಾರು 25 ನಿಮಿಷ ಹಿಡಿಯುತ್ತದೆ. ಹಾನಿಗೊಂಡ ಕೊಬ್ಬಿನ ಕೋಶಗಳನ್ನು ದೇಹವೇ ನಿಧಾನವಾಗಿ ಹೊರಹಾಕುತ್ತದೆ. ಈ ತರಂಗಾಂತರವನ್ನು ಚರ್ಮದ ಬಣ್ಣದ ಕಣಗಳು ಹೆಚ್ಚು ಹೀರಿಕೊಳ್ಳದ ಕಾರಣ ನಮ್ಮಂಥ ಕಂದು ಚರ್ಮದವರಿಗೂ ಅದನ್ನು ಬಳಸಬಹುದು. ಕೆಲವು ದಿನ ನೋವು, ಊತ, ಗಟ್ಟಿತನ ಇರಬಹುದು; ಅಪರೂಪಕ್ಕೆ ಗಂಟು ಅಥವಾ ಸುಟ್ಟ ಗಾಯವೂ ಆಗಬಹುದು.

ಆದರೆ ಫಲ ಕಾಣಿಸಿಕೊಳ್ಳಲು 6 ವಾರ, ಪೂರ್ತಿ ಕಾಣಲು 12 ವಾರವಾದರೂ ಬೇಕು. ನಡುವೆ ಕೆಲವು ವಾರಗಳ ಅಂತರವಿರುವ ಎರಡು ಸರದಿಗಳೆಂದರೆ ಮದುವೆಯ ದಿನಕ್ಕೆ ಎರಡನೆಯದರ ಪರಿಣಾಮ ಶುರುವೂ ಆಗಿರುವುದಿಲ್ಲ. ಕರಪತ್ರದಲ್ಲಿದ್ದ ಈ ವಾರಗಳ ಲೆಕ್ಕವನ್ನು ನಾವಿಬ್ಬರೂ ಕ್ಯಾಲೆಂಡರ್ ಮೇಲೆ ಗುರುತು ಹಾಕಿದಾಗ ವಿನುತಾ ಸ್ವಲ್ಪ ಹೊತ್ತು ಮಾತಾಡಲಿಲ್ಲ. ರಿಯಾಯಿತಿಯ ಗಡುವಿಗೂ ಚಿಕಿತ್ಸೆಯ ಗಡುವಿಗೂ ಸಂಬಂಧವೇ ಇರಲಿಲ್ಲ.

ಇದಕ್ಕಿಂತ ನನ್ನನ್ನು ಹೆಚ್ಚು ಕಾಡಿದ್ದು ಇನ್ನೊಂದು ವಿಷಯ. ಒಪ್ಪಿಗೆ ಪತ್ರದಲ್ಲಿ "ಹಾಲೂಡಿಸುತ್ತಿದ್ದೀರಾ?" ಎಂಬ ಪ್ರಶ್ನೆಯ ಮುಂದಿನ ಚೌಕ ಖಾಲಿಯಿತ್ತು. "ಅದನ್ನು ಹಾಗೇ ಬಿಡಿ, ಮೇಡಂ" ಎಂದು ಅಲ್ಲಿನ ಸಿಬ್ಬಂದಿ ಹೇಳಿದ್ದರಂತೆ. ಗರ್ಭಿಣಿಯರ ಮೇಲಾಗಲಿ ಹಾಲೂಡಿಸುವ ತಾಯಂದಿರ ಮೇಲಾಗಲಿ ಈ ಉಪಕರಣಗಳನ್ನು ಪರೀಕ್ಷಿಸಿಲ್ಲ, ಆದ್ದರಿಂದ ಜವಾಬ್ದಾರಿಯುತ ವೈದ್ಯರು ಹಾಲು ಬಿಡಿಸುವವರೆಗೆ ಕಾಯಲು ಹೇಳುತ್ತಾರೆ. ಆ ಚೌಕವನ್ನು ತುಂಬಿದ್ದರೆ ಮಾರಾಟ ನಿಲ್ಲುತ್ತಿತ್ತು. ಅದು ಖಾಲಿ ಉಳಿದದ್ದು ಅದಕ್ಕೇ ಎಂದು ನನ್ನ ಅನಿಸಿಕೆ.

ಮಾತಿನ ನಡುವೆ ವಿನುತಾ, ಹಾಸಿಗೆಯಿಂದ ಏಳುವಾಗ ಹೊಕ್ಕುಳಿನ ಮೇಲ್ಭಾಗದಲ್ಲಿ ಉದ್ದಕ್ಕೆ ಒಂದು ದಿಬ್ಬ ಏಳುತ್ತದೆ, ಮಲಗಿದ ಮೇಲೆ ಮಾಯವಾಗುತ್ತದೆ ಎಂದರು. ಗರ್ಭ ಬೆಳೆಯುವಾಗ ಹೊಟ್ಟೆಯ ಎರಡು ನೆಟ್ಟನೆಯ ಸ್ನಾಯುಗಳು ನಡುಗೆರೆಯಿಂದ ಪಕ್ಕಕ್ಕೆ ಸರಿಯುತ್ತವೆ. ಹೆರಿಗೆಯ ನಂತರವೂ ಅವು ಕೂಡಿಕೊಳ್ಳದಿದ್ದರೆ ಅದನ್ನು ಡಯಾಸ್ಟಾಸಿಸ್ ರೆಕ್ಟೈ ಎನ್ನುತ್ತಾರೆ. ಇದು ಯಾರ ಅಲಕ್ಷ್ಯದಿಂದಲೂ ಬರುವುದಲ್ಲ. ಚೊಚ್ಚಲ ಹೆರಿಗೆಯ 300 ಮಹಿಳೆಯರನ್ನು ಅನುಸರಿಸಿ 2016ರಲ್ಲಿ ಪ್ರಕಟವಾದ ನಾರ್ವೆಯ ಅಧ್ಯಯನದಲ್ಲಿ, ಹೆರಿಗೆಯಾದ 6 ವಾರಕ್ಕೆ ಸುಮಾರು 60 ಶೇಕಡಾ, ಒಂದು ವರ್ಷಕ್ಕೆ ಸುಮಾರು 33 ಶೇಕಡಾ ಮಹಿಳೆಯರಲ್ಲಿ ಈ ಬಿರುಕು ಕಂಡುಬಂದಿತ್ತು. ಬಟ್ಟೆ ಕಟ್ಟುವುದರಿಂದ, ವಿಶೇಷವಾಗಿ ಸಿಸೇರಿಯನ್ ನಂತರ, ಆಧಾರ ಸಿಗುತ್ತದೆ, ಓಡಾಡುವಾಗ ನೋವು ಕಡಿಮೆಯೆನಿಸುತ್ತದೆ. ಅದು ಸ್ನಾಯುಗಳನ್ನು ಕೂಡಿಸುತ್ತದೆ ಎನ್ನಲು ಗಟ್ಟಿ ಆಧಾರವಿಲ್ಲ. ತಾಯಿಯ ದೂರಿಗೆ ಇಷ್ಟು ಉತ್ತರ ಸಾಕಿತ್ತು. ಲೇಸರ್ ಕೂಡ ಈ ಬಿರುಕನ್ನು ಮುಚ್ಚುವುದಿಲ್ಲ. ಹೊಲಿಗೆ ಬಿಟ್ಟ ಚೀಲದಿಂದ ಒಂದು ಹಿಡಿ ಅಕ್ಕಿ ತೆಗೆದರೆ ಹೊಲಿಗೆ ಕೂಡಿಕೊಳ್ಳುವುದಿಲ್ಲವಲ್ಲ. ಸಡಿಲ ಚರ್ಮ, ಬಸಿರಿನ ಗೆರೆಗಳು, ಕರುಳಿನ ಸುತ್ತ ಕೂಡಿಕೊಳ್ಳುವ ಒಳಗಿನ ಕೊಬ್ಬು, ಇವೂ ಅದರ ಕೈಗೆ ಸಿಗುವುದಿಲ್ಲ. ಬೆರಳಿನಿಂದ ಹಿಂಡಿ ಹಿಡಿಯಲು ಬರುವ ಚರ್ಮದಡಿಯ ಕೊಬ್ಬಿನ ಮೇಲಷ್ಟೇ ಅದರ ಕೆಲಸ.

ಒಳಗಿನ ಕೊಬ್ಬಿನ ಮಾತು ಬಂದಾಗ ಇನ್ನೊಂದು ಸಂಗತಿ ಹೊರಬಿತ್ತು. ಬಸಿರಿನಲ್ಲಿ ಅವರಿಗೆ ಸಕ್ಕರೆ ಅಂಶ ಏರಿತ್ತು. ಹೆರಿಗೆಯಾದ 6ರಿಂದ 12 ವಾರಗಳೊಳಗೆ 75 ಗ್ರಾಂ ಗ್ಲೂಕೋಸ್ ಕುಡಿಸಿ ಮಾಡಬೇಕಿದ್ದ ಮರುಪರೀಕ್ಷೆಯನ್ನು ಮಗುವಿನ ಗಲಾಟೆಯಲ್ಲಿ ಯಾರೂ ನೆನಪಿಸಿರಲಿಲ್ಲ. ಬಸಿರಿನ ಮಧುಮೇಹ ಬಂದವರಿಗೆ ಮುಂದೆ ಎರಡನೆಯ ಬಗೆಯ ಮಧುಮೇಹ ಬರುವ ಅಪಾಯ ಹೆಚ್ಚು, ಆ ಅಪಾಯಕ್ಕೆ ಕಾರಣವಾಗುವ ಕೊಬ್ಬು ಮುಖ್ಯವಾಗಿ ಲೇಸರ್ ಮುಟ್ಟದ ಒಳಗಿನದೇ. ದಿನವೂ ಟೇಪು ಹಿಡಿದು ಅಳೆಯುತ್ತಿದ್ದ ಮನೆಯಲ್ಲಿ ಅಳೆಯಲೇಬೇಕಾದದ್ದು ಹಾಗೇ ಉಳಿದಿತ್ತು.

ನಾನು ಕೊಟ್ಟ ಸಲಹೆ ಹೀಗಿತ್ತು. ಹಾಲು ಬಿಡಿಸಿ ತೂಕ ಒಂದು ನೆಲೆಗೆ ನಿಲ್ಲುವವರೆಗೆ ಲೇಸರ್ ನಿರ್ಧಾರವನ್ನು ಮುಂದೂಡಬೇಕು, ಮೂರನೆಯ ಮಗುವಿನ ಯೋಚನೆಯಿದ್ದರೆ ಇನ್ನೂ ಮುಂದಕ್ಕೆ. ಅಷ್ಟರಲ್ಲಿ ಪ್ರಸೂತಿ ತಜ್ಞರಲ್ಲಿ ಸಕ್ಕರೆ ಮತ್ತು ಥೈರಾಯ್ಡ್ ಪರೀಕ್ಷೆ ಮಾಡಿಸಿ, ಹೊಕ್ಕುಳ ಹರ್ನಿಯಾ ಇಲ್ಲವೆಂದು ಖಚಿತಪಡಿಸಿಕೊಂಡು, ಅವರ ಸೂಚನೆಯಂತೆ ಫಿಸಿಯೋಥೆರಪಿಸ್ಟ್ ಒಬ್ಬರನ್ನು ಕಾಣಬೇಕು. ಮೊಬೈಲಿನಲ್ಲಿ ನೋಡಿ ಮಾಡುತ್ತಿದ್ದ, ಮಲಗಿ ಎದ್ದು ಕೂರುವ ವ್ಯಾಯಾಮವನ್ನು ಫಿಸಿಯೋಥೆರಪಿಸ್ಟ್ ನೋಡುವವರೆಗೆ ನಿಲ್ಲಿಸಬೇಕು, ರಾತ್ರಿಯ ಊಟ ಬಿಡಬಾರದು. ಟೇಪನ್ನು ಅಕ್ಕನ ಮನೆಗೆ ಕಳಿಸಿಬಿಡಿ ಎಂದದ್ದು ಅರ್ಧ ತಮಾಷೆಗೆ, ಅವರು ನಿಜವಾಗಿಯೂ ಕಳಿಸಿದರು. ಮುಂಗಡವನ್ನು ಹಿಂದಿರುಗಿಸುವಂತೆ, ಹಾಲೂಡಿಸುತ್ತಿರುವ ವಿಷಯವನ್ನು ನಮೂದಿಸಿ, ಲಿಖಿತವಾಗಿ ಕೇಳಬೇಕು. ಒಪ್ಪದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ.

ಇವೆಲ್ಲಕ್ಕಿಂತ ಕಷ್ಟದ್ದು ಗಂಡನ ಜೊತೆಗಿನ ಮಾತು. ಮೂರನೆಯ ಭೇಟಿಗೆ ಅವರನ್ನೂ ಕರೆಸಿದೆ. ನಾಮಕರಣದ ದಿನದ ನಗುವನ್ನು ಅವರು ಮರೆತೇಬಿಟ್ಟಿದ್ದರು. ವಿನುತಾ ಅದನ್ನು ಹೇಳಿದಾಗ ಮೊದಲು "ಅದು ಬರೀ ತಮಾಷೆ" ಎಂದರು, ಕಂತಿನ ಸಾಲದ ವಿಷಯ ತಿಳಿದು ಸಿಟ್ಟಾದರು, ಆಮೇಲೆ ಸುಮ್ಮನಾದರು. ಕ್ಷಮೆ ಕೇಳಿ ಎಂದು ನಾನು ಒತ್ತಾಯಿಸಲಿಲ್ಲ. ಒತ್ತಾಯದ ಕ್ಷಮೆ ಮನೆ ತಲುಪುವ ಮೊದಲೇ ಜಗಳವಾಗುತ್ತದೆ. ಮದುವೆ ಮನೆಯಲ್ಲಿ ಯಾರಾದರೂ ಮತ್ತೆ ಹಾಗೆ ಅಂದರೆ ನೀವು ಏನು ಹೇಳುತ್ತೀರಿ ಎಂದಷ್ಟೇ ಕೇಳಿದೆ. "ಏಳು ತಿಂಗಳ ಕೂಸಿನ ತಾಯಿ, ಹೊಟ್ಟೆ ಇರುತ್ತೆ ಅಂತೀನಿ" ಎಂದರು. ಆ ಮಾತು ವಿನುತಾ ಅವರಿಗೆ ಸಾಕಾಯಿತೋ ಇಲ್ಲವೋ ಹೇಳಲಾರೆ, ಆದರೆ ಅವರು ಅದನ್ನು ನನ್ನ ಎದುರಿಗೆ ಇನ್ನೊಮ್ಮೆ ಹೇಳಿಸಿದರು.

ಫಿಸಿಯೋಥೆರಪಿಸ್ಟ್ ಹೊಕ್ಕುಳಿನ ಮೇಲೆ ಮೂರು ಬೆರಳಿನಷ್ಟು ಬಿರುಕು ಗುರುತಿಸಿ, ಉಸಿರಾಟದೊಂದಿಗೆ ಒಳಪದರದ ಹೊಟ್ಟೆಯ ಸ್ನಾಯುಗಳನ್ನು ಬಿಗಿಯುವ ವ್ಯಾಯಾಮ ಕಲಿಸಿದರು. ಅದರಿಂದ ಬಿರುಕು ಪೂರ್ತಿ ಮುಚ್ಚುತ್ತದೆಂಬ ಭರವಸೆ ಕೊಡಲಿಲ್ಲ. ಸಕ್ಕರೆ ಪರೀಕ್ಷೆಯಲ್ಲಿ ಅಂಕಿ ಗಡಿಯಂಚಿನಲ್ಲಿಯೇ ಇತ್ತು. ಎರಡು ವಾರದ ನಂತರದ ಮಾಪನದಲ್ಲಿ 11 ಇದ್ದದ್ದು 8ಕ್ಕೆ ಇಳಿಯಿತು. ಮುಂಗಡದಲ್ಲಿ ಒಂದು ಭಾಗ ಮಾತ್ರ ಮರಳಿ ಬಂತು.

ಮಗುವಿಗೆ ಒಂದೂವರೆ ವರ್ಷವಾಗಿ ಹಾಲು ಬಿಡಿಸಿದ ಮೇಲೆ ವಿನುತಾ ಮತ್ತೆ ಫೋನ್ ಮಾಡಿದರು. ದಿಬ್ಬ ಬಹುಮಟ್ಟಿಗೆ ಇಳಿದಿದೆ, ಸೊಂಟದ ಎರಡು ಪಕ್ಕದ ಕೊಬ್ಬು ಹಾಗೇ ಇದೆ, ಅಷ್ಟಕ್ಕೆ ಮಾತ್ರ ಲೇಸರ್ ಮಾಡಿಸಿಕೊಳ್ಳಬೇಕೆನಿಸಿದೆ, ತಪ್ಪೇ ಎಂದು ಕೇಳಿದರು. ತಪ್ಪಲ್ಲ, ಆ ಉಪಕರಣ ಇರುವುದೇ ಅಂಥ ಕೆಲಸಕ್ಕೆ ಎಂದೆ. ಅರ್ಹ ಚರ್ಮರೋಗ ತಜ್ಞರ ಬಳಿಯೇ ಹೋಗಿ, ಉಪಕರಣದ ಹೆಸರು ಮತ್ತು ತೊಂದರೆಯಾದರೆ ಯಾರು ನೋಡಿಕೊಳ್ಳುತ್ತಾರೆ ಎಂಬುದನ್ನು ಬರಹದಲ್ಲಿ ಪಡೆಯಿರಿ, ಕಂತಿನ ಸಾಲ ಬೇಡ ಎಂದು ಸೇರಿಸಿದೆ. ಈ ಸಲ ಗಂಡನಿಗೆ ಮೊದಲೇ ಹೇಳಿದ್ದರು.